ಅರಿವು, ಪ್ರಮಾದ ಮತ್ತು ಜೀವದಯೆ: ವಲಸೆ ಹಕ್ಕಿಗಳ ಸಂಶೋಧನೆಯ ಒಂದು ವಿಮರ್ಶೆ

ಭಾರತದ ಪಕ್ಷಿವಿಜ್ಞಾನದ ಹಿರಿಯರಾದ ಡಾ. ಸಲೀಂ ಅಲಿಯವರ (1896–1987) ಆತ್ಮಕಥೆ ‘ದಿ ಫಾಲ್ ಆಫ್ ಎ ಸ್ಪ್ಯಾರೋ’ 1985ರಲ್ಲಿ ಪ್ರಕಟವಾಯಿತು. ಗ್ರಂಥದ ಹೆಸರಿನಲ್ಲಿಯೇ ಒಂದು ಗುಬ್ಬಿಯ ಮರಣವಿದೆ. ಬಾಲಕ ಸಲೀಂ ಆಟದ ಬಂದೂಕಿನಿಂದ ಹೊಡೆದುರುಳಿಸಿದ ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಜಾತಿಯ ಹಕ್ಕಿಯೆಂದು ತಿಳಿದುಬರಲು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರಲ್ಲಿಗೆ ಕಳುಹಿಸಿದರು. ಅಲ್ಲಿ ಸಂಗ್ರಹಿಸಿಟ್ಟಿದ್ದ ಪಕ್ಷಿಗಳನ್ನು ಕಂಡು ಬಾಲಕನಲ್ಲಿ ಹುಟ್ಟಿದ ಜಿಜ್ಞಾಸೆಯೇ ಮುಂದೆ, ಡಿಲ್ಲನ್ ರಿಪ್ಲೆಯವರೊಡನೆ ರಚಿಸಿದ ಹತ್ತು ಸಂಪುಟಗಳ ಪಕ್ಷಿ ಕೈಪಿಡಿಯಾಗಿ (1968–74) ಫಲಿಸಿತು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಸಮಾಜವು ಇಂಥ ಗ್ರಂಥವನ್ನು ಹೇಗೆ ಓದಬೇಕು? ಬಂದೂಕಿನಿಂದ ಆರಂಭವಾದ ವಿದ್ಯೆಯೆಂದು ಬದಿಗಿಡಬೇಕೆ, ಅಥವಾ ಅದರಿಂದ ದೊರೆತ ಜ್ಞಾನವನ್ನು ಸ್ವೀಕರಿಸಬೇಕೆ? ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿಗಳ ವಹಿವಾಟು ನಡೆಸುವ, ಬೀಜ-ಗೊಬ್ಬರ-ಔಷಧಿಗಳ ಅಂಗಡಿಯಿಟ್ಟಿರುವ, ಗೋಶಾಲೆ ಮತ್ತು ಬಸದಿಗಳ ಟ್ರಸ್ಟುಗಳನ್ನು ನೋಡಿಕೊಳ್ಳುವ ಶ್ರಾವಕರ ನಿತ್ಯಜೀವನಕ್ಕೆ ಸಂಬಂಧಿಸಿದ ಪ್ರಶ್ನೆಯಿದು.

ಬಂದೂಕು ಮತ್ತು ಸಂಕಲ್ಪ

ಮೊದಲು ಗ್ರಂಥದ ದೋಷವನ್ನು ನೋಡಬಹುದು. ಹೈದರಾಬಾದ್ ಸಂಸ್ಥಾನ (1931–32), ಮೈಸೂರು ಸಂಸ್ಥಾನ (1939–40) ಮೊದಲಾದೆಡೆ ಸಲೀಂ ಅಲಿಯವರು ನಡೆಸಿದ ಪಕ್ಷಿ ಸಮೀಕ್ಷೆಗಳಲ್ಲಿ ಹಕ್ಕಿಗಳನ್ನು ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಸಂಗ್ರಹಾಲಯಕ್ಕೆ ಕಳುಹಿಸುವುದು ಕೆಲಸದ ಸಹಜ ಅಂಗವಾಗಿತ್ತು. ಅನಗತ್ಯವಾಗಿ ಕೊಲ್ಲುವುದನ್ನು ಅವರು ತಿರಸ್ಕರಿಸುತ್ತಾರೆ. ಆದರೆ ತಮ್ಮ ಪಕ್ಷಿಪ್ರೇಮವು ಭಾವುಕತೆಯದಲ್ಲ, ಸೌಂದರ್ಯದೃಷ್ಟಿ ಮತ್ತು ವಿಜ್ಞಾನದೃಷ್ಟಿಯದು ಎಂಬುದನ್ನು ಮುಚ್ಚುಮರೆಯಿಲ್ಲದೆ ಒಪ್ಪುತ್ತಾರೆ. ಈ ಪ್ರಾಮಾಣಿಕತೆಯು ಗ್ರಂಥದ ದೊಡ್ಡ ಗುಣ. ತಾವು ಮಾಡಿದ್ದನ್ನು ಧರ್ಮಕಾರ್ಯವೆಂದು ಅವರು ಎಲ್ಲಿಯೂ ಅಲಂಕರಿಸಿ ಹೇಳುವುದಿಲ್ಲ.

ಆದರೂ ಶ್ರಾವಕಾಚಾರದ ಅಳತೆಯಲ್ಲಿ ಇದಕ್ಕೆ ವಿನಾಯಿತಿ ದೊರೆಯದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಅಡುಗೆ, ಗೃಹಕೃತ್ಯ, ಕೃಷಿ, ವ್ಯಾಪಾರ, ಆತ್ಮರಕ್ಷಣೆಗಳಲ್ಲಿ ಒದಗುವ ಹಿಂಸೆಯನ್ನು ಗೃಹಸ್ಥನು ಮಿತಗೊಳಿಸಬೇಕು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಇದೇ ಹಕ್ಕಿ ಬೇಕೆಂದು ಗುರಿಯಿಟ್ಟು ಹೊಡೆಯುವುದು ಸಂಕಲ್ಪವಲ್ಲದೆ ಬೇರೇನೂ ಅಲ್ಲ. ಕನ್ನಡ ಜೈನ ಸಾಹಿತ್ಯವು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂಬುದನ್ನು ತಿಳಿಯಲು ಜನ್ನನ ‘ಯಶೋಧರ ಚರಿತೆ’ಯನ್ನು (1209) ನೆನೆದರೆ ಸಾಕು. ಅಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಪ್ರಾಣವೇ ಇಲ್ಲದ ಆ ಕೋಳಿಯನ್ನು ಕಡಿದ ಸಂಕಲ್ಪಕ್ಕಾಗಿ ಅರಸನೂ ಅವನ ತಾಯಿಯೂ ನವಿಲು, ಮೀನು, ಮೊಸಳೆ ಮುಂತಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಹಿಟ್ಟಿನ ಕೋಳಿಗೇ ಇಷ್ಟು ಫಲವಿರುವಾಗ ಪ್ರಾಣವಿರುವ ಗುಬ್ಬಿಯನ್ನು ಹೊಡೆದದ್ದಕ್ಕೆ ವಿಜ್ಞಾನದ ಹೆಸರು ರಕ್ಷಣೆಯಾಗಲಾರದು.

ಆದರೆ ವಿಮರ್ಶೆಯು ಇಲ್ಲಿಗೇ ನಿಂತರೆ ಏಕಾಂತವಾಗುತ್ತದೆ. ಬಂದೂಕು ಹಿಡಿದ ಅದೇ ಕೈ ಮುಂದೆ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಹಾರಲು ಬಿಟ್ಟಿತು. ಈ ಎರಡನೆಯ ಅಧ್ಯಾಯದ ಬೇರು ಕರ್ನಾಟಕದಲ್ಲಿದೆ.

ಉಂಗುರ ಮತ್ತು ಹಣದ ಮೂಲ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಜನರಿಗೂ ಜ್ವರ ಬಂದಿತು. ಮಂಗನ ಕಾಯಿಲೆ ಎಂದು ಹೆಸರಾದ ಇದರ ವೈರಾಣುವು ಸೈಬೀರಿಯದ ಜ್ವರವೊಂದರ ವೈರಾಣುವಿಗೆ ಹತ್ತಿರದ್ದೆಂದು ಕಂಡಾಗ, ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕ ರೋಗ ಬಂದಿರಬಹುದೇ ಎಂಬ ಸಂಶಯ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1959ರ ಸುಮಾರಿಗೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯುಳ್ಳ ಲೋಹದ ಉಂಗುರ ತೊಡಿಸಿ ಬಿಡುವ ಕಾರ್ಯವನ್ನು ಆರಂಭಿಸಿತು. ವಲಸೆ ಹಕ್ಕಿಗಳ ಮೇಲಿನ ಆರೋಪ ಸಿದ್ಧವಾಗಲಿಲ್ಲ. ಆದರೆ ತಮಿಳುನಾಡಿನ ಕೋಡಿಯಕ್ಕರೈ ಮೊದಲಾದ ಕಡಲತೀರಗಳಲ್ಲಿ ನಡೆದ ಈ ಕೆಲಸದಿಂದ, ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಕಡಲಹಕ್ಕಿಗಳು ಸೈಬೀರಿಯದಿಂದ ಸಾವಿರಾರು ಮೈಲಿ ಕ್ರಮಿಸಿ ಬರುತ್ತವೆ ಎಂಬುದು ಸಾಕ್ಷ್ಯಸಹಿತ ತಿಳಿದುಬಂದಿತು.

ಬಲೆಯಲ್ಲಿ ಸಿಕ್ಕ ಹಕ್ಕಿಗೆ ಭಯವಿದೆ, ಕೆಲವೊಮ್ಮೆ ಗಾಯವೂ ಉಂಟು. ಪರಿತಾಪವನ್ನು ಉಂಟುಮಾಡುವುದೂ ಹಿಂಸೆಯೇ ಎಂಬುದನ್ನು ಜೈನನು ಮರೆಯಲಾರ. ಆದರೂ ಪ್ರಾಣ ತೆಗೆದು ತಿಳಿಯುವುದಕ್ಕೂ ಪ್ರಾಣ ಉಳಿಸಿ ತಿಳಿಯುವುದಕ್ಕೂ ಇರುವ ಅಂತರವನ್ನು ಗುರುತಿಸದಿರುವುದು ವಿವೇಕವಲ್ಲ. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಇವು ಹಿಮಾಲಯವನ್ನು ದಾಟುವಾಗ 7,000 ಮೀಟರಿಗೂ ಮೇಲೆ ಹಾರಬಲ್ಲವೆಂಬುದು ಬೆನ್ನಿಗೆ ಕಟ್ಟಿದ ಯಂತ್ರದಿಂದ ದೃಢಪಟ್ಟಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪ್ರತಿ ಚಳಿಗಾಲ ಸಾವಿರಾರು ಸಂಖ್ಯೆಯಲ್ಲಿ ಇಳಿಯುವ ಈ ಅತಿಥಿಗಳು ಯಾವ ದೇಶದವರೆಂದು ಹೇಳಲು ಯಾವ ಸಂಗ್ರಹಾಲಯದ ಒಣಚರ್ಮದಿಂದಲೂ ಸಾಧ್ಯವಿರಲಿಲ್ಲ.

ಇದೇ ಕಥೆಯಲ್ಲಿ ದಾನಿಗಳು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಆರಂಭದ ನೆರವು ಮುಗಿದ ಮೇಲೆ ಈ ಉಂಗುರದ ಕಾರ್ಯಕ್ಕೆ ಅಮೆರಿಕದ ಸೇನೆಯ ಸಂಶೋಧನಾ ವಿಭಾಗದ ಹಣವೂ ಒದಗಿತು. ರೋಗಾಣುಯುದ್ಧದ ಉದ್ದೇಶ ಇದರ ಹಿಂದಿದೆಯೇ ಎಂಬ ಪ್ರಶ್ನೆ 1970ರ ದಶಕದಲ್ಲಿ ಪತ್ರಿಕೆಗಳಲ್ಲಿಯೂ ಸಂಸತ್ತಿನಲ್ಲಿಯೂ ಎದ್ದಿತು. ನ್ಯಾಯದಿಂದ ಬಂದ ಧನವನ್ನು ಗೃಹಸ್ಥನ ಗುಣಗಳಲ್ಲಿ ಮೊದಲನೆಯದಾಗಿ ಎಣಿಸಿದ ಹೇಮಚಂದ್ರಾಚಾರ್ಯರ ಪರಂಪರೆಗೆ ಇಲ್ಲಿ ವಿಜ್ಞಾನಿಗಳನ್ನು ದೂರುವ ಅಧಿಕಾರವಿದೆ. ಆದರೆ ಹಾಗೆ ದೂರುವ ಮುನ್ನ, ಜೀವದಯೆಗಾಗಿ ಧಾರಾಳವಾಗಿ ಕೊಡುವ ಸಮಾಜಗಳು ಆ ದಿನಗಳಲ್ಲಿ ಹಕ್ಕಿಯನ್ನು ಕೊಲ್ಲದೆ ಅರಿಯುವ ಈ ವಿದ್ಯೆಗೆ ಎಷ್ಟು ಕೊಟ್ಟಿದ್ದವು ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಚಿಪ್ಪಿಗೆ ಕಟ್ಟಿದ ಬೆಲೆ

ಕಡಲತೀರದ ಹಕ್ಕಿಗಳನ್ನು ಅರಿಯಬೇಕಾದರೆ ಅವು ಕೆದಕುವ ಕೆಸರನ್ನೂ ಅರಿಯಬೇಕು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಭಾಷ್‌ಚಂದ್ರನ್, ರಾಮಚಂದ್ರ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಈ ದೃಷ್ಟಿಯಿಂದ ಮುಖ್ಯವಾದದ್ದು. 2008ರ ಅವರ ವರದಿಯು ಆ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳನ್ನು ಸಂಗ್ರಹಿಸಲಾಗುತ್ತದೆ, ಅದರ ಬೆಲೆ 5 ಕೋಟಿ 78 ಲಕ್ಷ ರೂಪಾಯಿ, ಅದನ್ನು ಅವಲಂಬಿಸಿದವರು 2,300ಕ್ಕೂ ಹೆಚ್ಚು ಮಂದಿ ಎಂದು ಲೆಕ್ಕ ಹಾಕಿತು.

ಜೈನ ಓದುಗನಿಗೆ ಈ ಲೆಕ್ಕದ ಪತ್ರ ಸಹಜವಾಗಿಯೇ ಮುಜುಗರ ತರುತ್ತದೆ. ಶಂಖ, ಶುಕ್ತಿಗಳು ದ್ವೀಂದ್ರಿಯ ಜೀವಗಳು. ಸ್ಪರ್ಶ ಮತ್ತು ರಸನ ಎಂಬ ಎರಡು ಇಂದ್ರಿಯಗಳಿಂದ ಸುಖದುಃಖವನ್ನು ಅನುಭವಿಸುವ ತ್ರಸಜೀವಗಳು. ಅವುಗಳನ್ನು ಟನ್ನುಗಳಲ್ಲಿ ತೂಗಿ ರೂಪಾಯಿಯಲ್ಲಿ ಬರೆದಾಗ ಜೀವದ ಪ್ರತ್ಯೇಕತೆ ಅಳಿದುಹೋಗುತ್ತದೆ. ವಿಜ್ಞಾನವು ಜಾತಿಯನ್ನೂ ಸಂಖ್ಯೆಯನ್ನೂ ಕಾಣುತ್ತದೆ. ಜೈನದರ್ಶನವು ಒಂದೊಂದು ಜೀವವನ್ನೂ ಕಾಣುತ್ತದೆ. ಜಾತಿ ಉಳಿದರೆ ಸಾಕು, ಅದರಲ್ಲಿ ಲಕ್ಷ ಜೀವಗಳು ಹೋದರೂ ನಷ್ಟವಿಲ್ಲ ಎಂಬ ಧೋರಣೆಯನ್ನು ಶ್ರಾವಕನು ಒಪ್ಪಲಾರ. ಕೆಸರನ್ನು ಜರಡಿಯಲ್ಲಿ ಸೋಸಿ, ಸಿಕ್ಕ ಹುಳುಗಳನ್ನೂ ಚಿಪ್ಪುಗಳನ್ನೂ ರಾಸಾಯನಿಕದಲ್ಲಿಟ್ಟು ಎಣಿಸುವ ಪದ್ಧತಿಯ ಬಗೆಗೂ ಇದೇ ಆಕ್ಷೇಪ ನಿಲ್ಲುತ್ತದೆ. ಅಂಥ ಮಾದರಿಗಳನ್ನು ಆದಷ್ಟು ಕಡಿಮೆ ತೆಗೆಯಿರಿ, ಒಮ್ಮೆ ತೆಗೆದದ್ದನ್ನು ಹಲವರು ಹಂಚಿಕೊಂಡು ಅಭ್ಯಸಿಸಿರಿ ಎಂದು ವಿಜ್ಞಾನಿಗಳನ್ನು ಕೇಳುವುದು ನ್ಯಾಯವೇ ಸರಿ.

ಇನ್ನೊಂದು ಮುಖವನ್ನೂ ನೋಡಬೇಕು. ಅದೇ ಅಳಿವೆಯ ತದಡಿಯಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾವವಿತ್ತು. ಅಳಿವೆಯು ನಿರುಪಯುಕ್ತ ಜೌಗುಭೂಮಿಯೆಂಬ ಕಲ್ಪನೆಗೆ ಉತ್ತರ ಕೊಡಲು ಜನರಿಗೂ ಪರಿಸರಪ್ರೇಮಿಗಳಿಗೂ ಇಂಥ ಲೆಕ್ಕ ಆಧಾರವಾಯಿತು. ಸ್ಥಾವರ ಬರಲಿಲ್ಲ. 2024ರ ಆರಂಭದಲ್ಲಿ 4,801 ಹೆಕ್ಟೇರಿನ ಈ ಅಳಿವೆಯು, ಮಾಗಡಿ ಕೆರೆ ಮತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗಳೊಡನೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂದು ಘೋಷಿತವಾಯಿತು. ವ್ಯಾಪಾರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ: ಖಾತೆಯಲ್ಲಿ ಹೆಸರೇ ಇಲ್ಲದ ಬಾಬತ್ತನ್ನು ಯಾರೂ ಕಾಯುವುದಿಲ್ಲ. ಜೀವಕ್ಕೆ ಬೆಲೆ ಕಟ್ಟುವುದು ಪರಮಾರ್ಥದಲ್ಲಿ ತಪ್ಪು. ವ್ಯವಹಾರನಯದಲ್ಲಿ ಆ ಬೆಲೆಯೇ ಕೋಟ್ಯಂತರ ದ್ವೀಂದ್ರಿಯ ಜೀವಗಳಿಗೆ ಬೇಲಿಯಾಯಿತು.

ಸೂತ್ರದ ಸುಲಭ ಬಳಕೆ

ವಿಜ್ಞಾನಿಗಳ ದೋಷವನ್ನು ಎತ್ತಿದ ಮೇಲೆ ಸಮಾಜದ ದೋಷವನ್ನೂ ಎತ್ತಬೇಕು. ಜೀವಗಳ ಪರಸ್ಪರ ಉಪಕಾರವನ್ನು ಹೇಳುವ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಸೂತ್ರವು, ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಿಂದ ಜೈನಪ್ರತೀಕದ ಅಡಿಯಲ್ಲಿ ಮೆರೆಯುತ್ತಿದೆ. ಪರಿಸರದ ಮಾತು ಬಂದಾಗಲೆಲ್ಲ ವೇದಿಕೆಗಳ ಮೇಲೆ ಇದನ್ನು ಉದಾಹರಿಸಿ, ಪರಿಸರವಿಜ್ಞಾನ ಹೇಳುವುದನ್ನೆಲ್ಲ ಜೈನಧರ್ಮ ಮೊದಲೇ ಹೇಳಿದೆ ಎಂದು ತೃಪ್ತಿಪಡುವುದು ರೂಢಿಯಾಗಿದೆ. ಆದರೆ ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಈ ಸೂತ್ರಕ್ಕೆ ಕೊಡುವ ದೃಷ್ಟಾಂತಗಳು ಸ್ವಾಮಿ ಮತ್ತು ಭೃತ್ಯ, ಆಚಾರ್ಯ ಮತ್ತು ಶಿಷ್ಯ ಎಂಬುವು. ಕಡಲಹಕ್ಕಿಯು ಕೆಸರಿನ ಹುಳುವನ್ನು ತಿನ್ನುವ ಆಹಾರಸರಪಳಿ ಅಲ್ಲಿ ವಿವಕ್ಷಿತವಾಗಿಲ್ಲ. ಸೂತ್ರದ ವ್ಯಾಪ್ತಿಯನ್ನು ಹಿಗ್ಗಿಸುವುದು ತಪ್ಪಲ್ಲ. ಆದರೆ ಹಿಗ್ಗಿಸಿದವನು ಅದರ ಹೊಣೆಯನ್ನೂ ಹೊರಬೇಕು. ಸ್ವಾಮಿಯು ಭೃತ್ಯನಿಗೆ ಧನ ಕೊಟ್ಟು ಉಪಕರಿಸುತ್ತಾನೆಂಬ ದೃಷ್ಟಾಂತದಲ್ಲಿಯೇ ಕೊಡುವವನ ಕರ್ತವ್ಯವಿದೆ.

ಇದಕ್ಕಿಂತ ಹೆಚ್ಚು ಪ್ರಸ್ತುತವಾದದ್ದು ಅದೇ ಗ್ರಂಥದ ಹಿಂಸೆಯ ಲಕ್ಷಣ. ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದು ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ಹೇಳುವಾಗ ಕೊಲ್ಲುವ ಇಚ್ಛೆಯ ಜೊತೆಗೆ ಎಚ್ಚರಗೇಡಿತನವೂ ಅದರಲ್ಲಿ ಸೇರುತ್ತದೆ. ತಿಳಿಯಲು ಸಾಧ್ಯವಿಲ್ಲದಿದ್ದಾಗ ಆದದ್ದು ಬೇರೆ. ತಿಳಿಯಬಹುದಾಗಿದ್ದೂ ತಿಳಿಯದೆ ಹೋದದ್ದು ಬೇರೆ. ಸಂಶೋಧನೆ ಮಾಡುವ ಕೆಲಸವೇ ಇದು: ನಿನ್ನೆ ಅಜ್ಞಾನವಾಗಿದ್ದುದನ್ನು ಇಂದು ಪ್ರಮಾದವನ್ನಾಗಿ ಮಾಡುತ್ತದೆ.

ಗೋಶಾಲೆಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಭಾರತದ ಮೂರು ಜಾತಿಯ ರಣಹದ್ದುಗಳು 1990ರ ದಶಕದಿಂದ ಶೇಕಡ 95ಕ್ಕೂ ಮಿಗಿಲಾಗಿ ಕ್ಷೀಣಿಸಿದವು. ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿಯೆಂದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಔಷಧಿ ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ನಷ್ಟವಾಗುತ್ತಿತ್ತು. ಮುದಿ ಗೋವಿನ ನೋವು ಶಮನವಾಗಲೆಂಬ ಶುದ್ಧ ದಯೆಯೇ ಪಂಚೇಂದ್ರಿಯ ಜೀವಿಗಳ ಸಾವಿಗೆ ನಿಮಿತ್ತವಾಯಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೂ ಅನಂತರ ನಿಮೆಸುಲೈಡ್‌ಗೂ ನಿಷೇಧ ವಿಸ್ತರಿಸಿತು. ಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ದೊರೆಯುತ್ತದೆ. 2004ಕ್ಕಿಂತ ಮೊದಲು ಗೋಶಾಲೆ ನಡೆಸಿದವರಿಗೆ ದೋಷವಿಲ್ಲವೆನ್ನಬಹುದು. ಇಂದು ತಮ್ಮ ಗೋಶಾಲೆಯ ಔಷಧಿ ಕಪಾಟಿನಲ್ಲಿ ಏನಿದೆಯೆಂದು ಟ್ರಸ್ಟಿಗೆ ಗೊತ್ತಿಲ್ಲದಿದ್ದರೆ ಅದು ಪ್ರಮಾದ.

ಅಂಗಡಿಯ ಕಟ್ಟೆಯ ಮೇಲೆ

ಇನ್ನು ವಾಣಿಜ್ಯದ ವಿಷಯ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ, ಕೆರೆಕಟ್ಟೆಗಳನ್ನು ಬತ್ತಿಸುವ ಸರಃಶೋಷವೂ ಸೇರಿವೆ. ಪ್ರತಿಕ್ರಮಣದಲ್ಲಿ ಇವುಗಳ ಹೆಸರನ್ನು ಉಚ್ಚರಿಸಿ ಬಂದವರೇ ಅಂಗಡಿಯಲ್ಲಿ ಕುಳಿತು ಕೀಟನಾಶಕದ ಡಬ್ಬಿಗಳನ್ನು ಮಾರುವುದುಂಟು. ಅದನ್ನು ‘ಔಷಧಿ’ ಎಂದು ಕರೆಯುವ ರೂಢಿ ಆ ದೋಷವನ್ನು ಮರೆಮಾಡುತ್ತದೆ.

ಈ ವಿಷಯದಲ್ಲಿ ಹಕ್ಕಿಗಳ ಸಂಶೋಧನೆ ಏನು ತಿಳಿಸಿದೆ? ಉತ್ತರ ಅಮೆರಿಕದಲ್ಲಿ ಮರಿಮಾಡಿ ಅರ್ಜೆಂಟೀನಾದ ಹೊಲಗಳಲ್ಲಿ ಕಾಲ ಕಳೆಯುವ ಸ್ವೇನ್ಸನ್ ಗಿಡುಗಗಳು ಏಕೆ ಕಡಿಮೆಯಾಗುತ್ತಿವೆಯೆಂದು ತಿಳಿಯಲು ವಿಜ್ಞಾನಿಗಳು ಕೆಲವಕ್ಕೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಯಂತ್ರ ಕಟ್ಟಿ ಬಿಟ್ಟರು. ಆ ಜಾಡು ಹಿಡಿದು ಹೋದಾಗ ಹೊಲಗಳಲ್ಲಿ ಹಕ್ಕಿಗಳ ಶವಗಳು ಸಿಕ್ಕವು. ಮಿಡತೆಗಳ ಮೇಲೆ ಸಿಂಪಡಿಸಿದ ಮೊನೊಕ್ರೊಟೋಫಾಸ್ ಅವುಗಳನ್ನು ಕೊಂದಿತ್ತು. 1995–96ರ ಒಂದೇ ಋತುವಿನಲ್ಲಿ ಸತ್ತವು ಸುಮಾರು 20,000 ಎಂದು ಅಂದಾಜಾಯಿತು. ಅನಂತರ ಆ ಪ್ರದೇಶದಿಂದ ಆ ವಿಷವನ್ನು ಹಿಂತೆಗೆದುಕೊಳ್ಳಲು ತಯಾರಕರು ಒಪ್ಪಿದರು. ಭಾರತದಲ್ಲಿ 2005ರಲ್ಲಿ ತರಕಾರಿಗಳ ಮೇಲೆ ಅದರ ಬಳಕೆಯನ್ನು ನಿಷೇಧಿಸಲಾಯಿತು; ಹೆಚ್ಚು ಮಾರಾಟವಾಗುತ್ತಿದ್ದ ಶೇಕಡ 36ರ ದ್ರಾವಣವನ್ನು ಹಂತಹಂತವಾಗಿ ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ. ಆ ಎರಡು ವರ್ಷಗಳ ನಡುವೆ ಎಷ್ಟು ಡಬ್ಬಿಗಳು ಯಾವ ಯಾವ ಅಂಗಡಿಗಳಿಂದ ಹೊರಬಿದ್ದವು ಎಂಬುದು ಆಯಾ ಅಂಗಡಿಯ ಲೆಕ್ಕದ ಪುಸ್ತಕಕ್ಕೇ ಗೊತ್ತು.

ಚಳಿಗಾಲದಲ್ಲಿ ಮಧ್ಯ ಏಷ್ಯದಿಂದ ದಖ್ಖನ್ನಿನ ಬಯಲುಗಳಿಗೆ ಬರುವ ಬೇಟೆಹಕ್ಕಿಗಳೂ ಮಿಡತೆಗಳನ್ನು ತಿಂದೇ ಬದುಕುತ್ತವೆ. ಅರ್ಜೆಂಟೀನಾದ ಪಾಠ ಆದ್ದರಿಂದ ಬಳ್ಳಾರಿಯ ಹೊಲಗಳಿಗೂ ಸಲ್ಲುತ್ತದೆ. ಸಿರುಗುಪ್ಪದ ಎರೆಭೂಮಿಯು ಇದಕ್ಕಿಂತ ಅಪರೂಪದ ನಿವಾಸಿಯ ನೆಲೆಯೂ ಹೌದು. ಎರೆಭೂತ, ದೊರವಾಯನ ಹಕ್ಕಿ ಎಂದು ಕರೆಯುವ ಪಕ್ಷಿ ದೇಶದಲ್ಲೆಲ್ಲ ಸೇರಿ ನೂರೈವತ್ತಕ್ಕಿಂತ ಹೆಚ್ಚಿಲ್ಲ. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅದು ಕಂಡದ್ದು ಸಿರುಗುಪ್ಪ ತಾಲ್ಲೂಕಿನಲ್ಲಿ. ಅದು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಜೋಳ-ಕಡಲೆಯ ಒಣಬೇಸಾಯದ ಹೊಲ, ಹುಲ್ಲು, ಮಿಡತೆ ಇವೇ ಅದರ ಸಂಪತ್ತು. ನೀರಾವರಿ, ವಿದ್ಯುತ್ ತಂತಿ, ಕೀಟನಾಶಕ ಇವೇ ಅದರ ಭಯ.

ಸಿರುಗುಪ್ಪ, ಕುರುಗೋಡುಗಳಿಗೂ ಕಡಲಿಗೂ ಏನು ಸಂಬಂಧವೆಂದು ಕೇಳುವವರು ನೀರಿನ ದಾರಿಯನ್ನು ನೋಡಬೇಕು. ಇಲ್ಲಿಯ ಗದ್ದೆಗಳ ಬಸಿನೀರು ಹಗರಿ ಮತ್ತು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಯ ಕೆಸರುನೆಲದಲ್ಲಿ ಮುಗಿಯುತ್ತದೆ. ಅಲ್ಲಿಯೂ ದ್ವೀಂದ್ರಿಯ ಜೀವಗಳಿವೆ. ಅವನ್ನು ಅರಸಿ ಬರುವ ಕಡಲಹಕ್ಕಿಗಳಿವೆ. ನೀರನ್ನು ಸೋಸಿ ಕುಡಿಯುವ ಧರ್ಮವು, ಬಿಟ್ಟ ನೀರು ಎಲ್ಲಿಗೆ ಹೋಗುತ್ತದೆಂಬುದನ್ನೂ ಯೋಚಿಸಬೇಕಾಗಿದೆ.

ಕಾಳು ಮತ್ತು ಅರಿವು

ರಾಜಸ್ಥಾನದ ಫಲೋದಿಯ ಬಳಿಯ ಖೀಚನ್ ಗ್ರಾಮದಲ್ಲಿ ಜೈನ ಕುಟುಂಬಗಳು ಹಲವು ದಶಕಗಳಿಂದ ಕುರ್ಜಾ ಎಂಬ ವಲಸೆ ಕ್ರೌಂಚಗಳಿಗೆ ಕಾಳು ಹಾಕುತ್ತ ಬಂದಿವೆ. ಊರು ಬಿಟ್ಟು ದಕ್ಷಿಣಕ್ಕೆ ವ್ಯಾಪಾರಕ್ಕೆ ಬಂದ ಮನೆತನಗಳೂ ಇದಕ್ಕೆ ಹಣ ಕಳುಹಿಸುತ್ತವೆ. 2025ರಲ್ಲಿ ಖೀಚನ್ ಕೂಡ ರಾಮ್ಸಾರ್ ತಾಣವಾಯಿತು. ಸಮಾಜವು ಹೆಮ್ಮೆಪಡತಕ್ಕ ವಿಷಯವಿದು. ಆದರೆ ಸಾವಿರಾರು ಹಕ್ಕಿಗಳು ಒಂದೆಡೆ ಗುಂಪಾದಾಗ ರೋಗ ಹರಡುವ ಭಯವೂ ಹೆಚ್ಚು. ಕಾಳಿನ ಗುಣ, ನೀರಿನ ಶುದ್ಧಿ, ಹಕ್ಕಿಗಳ ಸಂಖ್ಯೆ ಇವನ್ನು ಅರಿತವರು ನೋಡಿಕೊಳ್ಳದಿದ್ದರೆ ಅನ್ನದಾನವೇ ಆಪತ್ತಾಗಬಹುದು. ಇದೇ ಮಾತು ಊರೂರಿನ ಪಾರಿವಾಳದ ಕಾಳಿಗೂ ಅನ್ವಯಿಸುತ್ತದೆ.

ಹಾಗಾದರೆ ಟ್ರಸ್ಟುಗಳು ಏನು ಮಾಡಬಹುದು? ಪಕ್ಷಿಸಂಶೋಧನೆಯಲ್ಲಿ ಬಂದೂಕೂ ಬಲೆಯೂ ಬೇಡದ ಒಂದು ಶಾಖೆಯಿದೆ, ಅದು ಗಣತಿ. ಏಷ್ಯದ ನೀರುಹಕ್ಕಿಗಳ ಗಣತಿಯು 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರಿಂದ ನಡೆಯುತ್ತಿದೆ. ದುರ್ಬೀನು, ಪುಸ್ತಕ, ತಾಳ್ಮೆ ಇದ್ದರೆ ಸಾಕು. ಈರ್ಯಾಸಮಿತಿಯ ಆದರ್ಶವನ್ನು ಕೇಳಿ ಬೆಳೆದ ಮಕ್ಕಳಿಗೆ, ಮೆಲ್ಲನೆ ನಡೆದು ಯಾವ ಜೀವಕ್ಕೂ ತೊಂದರೆ ಕೊಡದೆ ನೋಡುವ ಈ ಅಭ್ಯಾಸ ಹೊಸದಲ್ಲ. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಅಂಕಸಮುದ್ರಕ್ಕೋ ಮಾಗಡಿಗೋ ತುಂಗಭದ್ರೆಯ ಹಿನ್ನೀರಿಗೋ ಕರೆದೊಯ್ಯುವ ಖರ್ಚು ಒಂದು ಪ್ರಭಾವನೆಯ ಖರ್ಚಿಗಿಂತ ಹೆಚ್ಚಾಗದು. ಜೀವದಯಾ ನಿಧಿಯ ಒಂದು ಭಾಗವನ್ನು ಪ್ರಾಣಹಾನಿಯಿಲ್ಲದ ಅಧ್ಯಯನಕ್ಕೆ ಮೀಸಲಿಡಬಹುದು, ಮೀಸಲಿಡುವಾಗ ಆ ಷರತ್ತನ್ನು ಬರೆದೇ ಕೊಡಬಹುದು. ಗೋಶಾಲೆಯ ವೈದ್ಯರಿಂದ ಔಷಧಿಗಳ ಪಟ್ಟಿ ತರಿಸಿ ನೋಡಬಹುದು. ವಿಷವಾಣಿಜ್ಯವನ್ನು ಒಮ್ಮೆಲೇ ಬಿಡಲಾರದ ವ್ಯಾಪಾರಿಯು ಹಕ್ಕಿಗಳಿಗೆ ಅತಿಹಾನಿಕರವೆಂದು ಸಿದ್ಧವಾದುದನ್ನಾದರೂ ಮಾರುವುದಿಲ್ಲವೆಂದು ಅಣುವ್ರತ ಕೈಗೊಳ್ಳಬಹುದು. ಅಣುವ್ರತವೆಂಬ ಮಾತಿಗೆ ಅರ್ಥವೇ ಅದು.

ಸಲೀಂ ಅಲಿಯವರ ಗ್ರಂಥವನ್ನು ಜೈನ ಮನೆಗಳಲ್ಲಿ ಓದಬಹುದೇ ಎಂಬ ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಓದಬಹುದು, ಓದಬೇಕು, ಅದರ ಬಂದೂಕನ್ನು ತ್ಯಜಿಸಿ, ಅದರ ಕಣ್ಣನ್ನು ಪಡೆಯಬೇಕು. ಅರಿವು ಮೊದಲಾಗಿ ದಯೆ ಅದನ್ನು ಹಿಂಬಾಲಿಸಬೇಕೆಂಬುದು ದಶವೈಕಾಲಿಕದ ಆಶಯ. ಜೀವಾಜೀವಗಳನ್ನು ಅರಿಯದವನು ಸಂಯಮವನ್ನು ಹೇಗೆ ಪಾಲಿಸಿಯಾನು ಎಂಬ ಅಲ್ಲಿಯ ಪ್ರಶ್ನೆ ಮುನಿಗಳನ್ನು ಉದ್ದೇಶಿಸಿದ್ದು. ಇಂದು ಅದು ಸಿರುಗುಪ್ಪದ ಅಂಗಡಿಯಲ್ಲಿ ಕುಳಿತ ಶ್ರಾವಕನಿಗೂ, ಬಳ್ಳಾರಿಯ ಟ್ರಸ್ಟಿನ ಸಭೆಯಲ್ಲಿ ಸಹಿ ಹಾಕುವ ಟ್ರಸ್ಟಿಗೂ ಸಲ್ಲುತ್ತದೆ.